ಪೆನ್ನು ನಿಲ್ಲಬಾರದು

ಬೆರಳು ಮತ್ತೆ ಕಾಗದದ ಅಂಚಿಗೆ ಬಂದು ಕೂತಿದೆ, ತೋರುಬೆರಳು, ಉಗುರು ಗಿಡ್ಡಗೆ ಕತ್ತರಿಸಿದ್ದು, ನಾಡಿ ನೋಡುವವರು ಇಡುತ್ತಾರಲ್ಲ ಹಾಗೆ, ತಾಗಿಯೂ ತಾಗದಂತೆ — ನನ್ನ ಪೆನ್ನು ಓಡಿದರೆ ಕಾಗದ ಸಣ್ಣಗೆ ನಡುಗುತ್ತದೆ, ಆ ನಡುಕದಿಂದ ಅಕ್ಕನಿಗೆ ಎಲ್ಲ ತಿಳಿಯುತ್ತದೆ, ಬರೆಯುತ್ತಿದ್ದಾಳೆ, ಸಾಲು ಮುಗಿಯಿತು, ಕೈ ಎಡಕ್ಕೆ ಬಂತು, ಮತ್ತೆ ಶುರು ಮಾಡಿದಳು, ಎದುರಿಗೆ ಕೂತಿರುವ ಪರೀಕ್ಷಾ ಮೇಲ್ವಿಚಾರಕರಿಗೆ ಇದು ಕಂಡಿಲ್ಲ, ಅವರ ಕಣ್ಣಿಗೆ ಕಾಣುತ್ತಿರುವುದು ಕಣ್ಣಿಲ್ಲದ ಹೆಂಗಸೊಬ್ಬಳು ಮೇಜಿನ ಮೇಲೆ ಕೈಯೂರಿ ಉತ್ತರ ಹೇಳುತ್ತಿರುವುದು, ಪಕ್ಕದಲ್ಲೊಬ್ಬಳು ತಲೆ ಬಗ್ಗಿಸಿ ಬರೆಯುತ್ತಿರುವುದು, ಅಷ್ಟೇ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಒಡಹುಟ್ಟಿದವರಾಗಿದ್ದರೆ ನನ್ನನ್ನು ಇಲ್ಲಿ ಕೂರಿಸುತ್ತಲೇ ಇರಲಿಲ್ಲ, ಸಂಬಂಧಿಕರು ಬರೆಯುವಂತಿಲ್ಲ, ವಿಷಯ ಓದಿದವರು ಬರೆಯುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಹೇಳಿಕೊಡುವುದು ಕಂಡುಬಂದರೆ ಪತ್ರಿಕೆ ರದ್ದು, ಬೆಳಗ್ಗೆ ಮೇಲ್ವಿಚಾರಕರು ಇದನ್ನೆಲ್ಲ ಓದಿ ಹೇಳಿ, ನಿಮ್ಮದು ಯಾವ ವಿಷಯಮ್ಮ ಎಂದು ಕೇಳಿದರು, ಚರಿತ್ರೆ ಎಂದೆ, ಒಳ್ಳೇದಾಯ್ತು ಬಿಡಿ, ಹಾಗಾದ್ರೆ ನಿಮಗೆ ಇದರಲ್ಲಿ ಅ ಆ ಇ ಈನೂ ಬರಲ್ಲ ಎಂದು ಸಮಾಧಾನಪಟ್ಟುಕೊಂಡು ಪೆಪ್ಪರ್‌ಮಿಂಟೊಂದನ್ನು ಬಾಯಿಗೆ ಹಾಕಿಕೊಂಡರು, ಅದು ಈಗಲೂ ಅವರ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಓಡಾಡುತ್ತಿದೆ, ಹಲ್ಲಿಗೆ ತಾಗಿದಾಗ ಟಿಕ್ ಎನ್ನುತ್ತದೆ. ಕೋಣೆಯಲ್ಲಿ ಅಂಟಿನ ವಾಸನೆ. ಇದು ಲೈಬ್ರರಿಯ ಹಿಂಭಾಗದ ಬೈಂಡಿಂಗ್ ಕೋಣೆ, ಉಳಿದವರೆಲ್ಲ ದೊಡ್ಡ ಹಾಲಿನಲ್ಲಿ ಬರೆಯುತ್ತಿದ್ದಾರೆ, ಅಕ್ಕ ಬಾಯಿಬಿಟ್ಟು ಹೇಳಬೇಕಲ್ಲ, ಅದಕ್ಕೆ ನಮಗೆ ಬೇರೆ ಜಾಗ, ಮೂಲೆಯಲ್ಲಿ ಕಬ್ಬಿಣದ ಪ್ರೆಸ್ಸು, ಅದರ ಹಲಗೆಗಳ ನಡುವೆ ಸಿಕ್ಕಿಬಿದ್ದ ಪುಸ್ತಕಗಳು, ಗೋಡೆಯ ಮೊಳೆಗೆ ನೇತುಹಾಕಿದ ಬಿಳಿ ದಾರದ ಲಡಿ, ಬಾಗಿಲ ಹತ್ತಿರ ರಟ್ಟಿನ ಚೂರುಗಳ ರಾಶಿ, ಅಕ್ಕ ಒಳಗೆ ಕಾಲಿಟ್ಟವರೇ ಮೂಗರಳಿಸಿ, ಮೈದಾ ಅಂಟು, ಇಲಿ ಇರುತ್ತೆ, ಕಾಲು ಮೇಲಿಟ್ಕೊಂಡು ಕೂತ್ಕೋ ಎಂದಿದ್ದರು. ವಿಷಯ ಓದಿದವಳಲ್ಲ ಎಂದದ್ದು ಸುಳ್ಳಲ್ಲ, ನನ್ನ ಪದವಿಯ ಕಾಗದದಲ್ಲಿ ರಾಜರು, ಯುದ್ಧಗಳು, ಒಪ್ಪಂದಗಳು ಬಿಟ್ಟರೆ ಬೇರೇನಿಲ್ಲ, ಆದರೆ ಬೇಸಿಗೆಯಿಡೀ ಅಕ್ಕನ ಮನೆಯಲ್ಲಿ ಕೂತು ಈ ಪರೀಕ್ಷೆಯ ದಪ್ಪ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿದವಳು ನಾನೇ, ಒಂದು ಸಲವಲ್ಲ, ಓದಿ ಹೇಳುವ ಬಾಯಿಯ ಹಿಂದೆ ಒಂದು ತಲೆಯೂ ಇರುತ್ತದೆ ಎಂದು ನಿಯಮ ಬರೆದವರಿಗೆ ಹೊಳೆದಿಲ್ಲ, ಸೌಟಿಗೆ ರುಚಿ ತಿಳಿಯುವುದಿಲ್ಲ ಎಂದುಕೊಂಡಿರಬೇಕು.

ಬರಿ, ಎನ್ನುತ್ತಾರೆ ಅಕ್ಕ, ಎರಡನೇ ಪ್ರಶ್ನೆ ಮುಗೀತು, ಗೆರೆ ಎಳಿ, ನೀರು ಕುಡೀತೀನಿ. ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ತಾಗಿಸುತ್ತೇನೆ, ಹಿಡಿದುಕೊಳ್ಳುತ್ತಾರೆ, ಅವರ ಮನೆಯ ಬಾಟಲಿಗಳಿಗೆಲ್ಲ ರಬ್ಬರ್ ಬ್ಯಾಂಡು, ಒಂದಿದ್ದರೆ ಸಕ್ಕರೆ, ಎರಡಿದ್ದರೆ ಉಪ್ಪು, ಏನೂ ಇಲ್ಲದ್ದು ಎಣ್ಣೆ, ಕೈಗೆ ಜಾರಿದರೆ ಎಣ್ಣೆ ಅಂತ ತಾನಾಗೇ ಗೊತ್ತಾಗುತ್ತೆ, ಅದಕ್ಕೆ ಬ್ಯಾಂಡು ದಂಡ. ಮೊದಲ ದಿನ ಬಾಗಿಲು ತೆಗೆದವರೇ, ಚಪ್ಪಲಿ ಎಡಗಡೆ ಬಿಡು, ನಡುವೆ ಬಿಟ್ರೆ ನಾನು ಎಡವಿ ಬೀಳ್ತೀನಿ, ಆಮೇಲೆ ನೀನೇ ಎತ್ತಬೇಕು, ನಾನು ಗುಂಡಗಿದೀನಿ ಎಂದರು, ನಾನು ನಕ್ಕೆ, ನನ್ನ ನಗುವಿಗೆ ಸದ್ದಿಲ್ಲ, ನಗ್ತಾ ಇದೀಯೋ ಹೆದರ್ಕೊಂಡಿದೀಯೋ ಬಾಯಿಬಿಟ್ಟು ಹೇಳು, ನಂಗೆ ಮುಖ ಕಾಣಲ್ಲ. ಬಾಯಿಬಿಟ್ಟು ಹೇಳುವುದೊಂದೇ ನನಗೆ ಬಾರದ್ದು, ಅಮ್ಮ ನನ್ನನ್ನು ಮೌನಗೌರಿ ಎನ್ನುತ್ತಾಳೆ, ಬಾಯಿದ್ದವರು ಬರಗಾಲದಲ್ಲೂ ಬದುಕಿದ್ರಂತೆ, ನೀನು ಸುಗ್ಗೀಲೂ ಉಪವಾಸ ಬೀಳ್ತೀಯ, ಎಂದಾಗ ಅಪ್ಪ ಪೇಪರಿನ ಹಿಂದಿನಿಂದ, ಮಾತು ಬೆಳ್ಳಿ ಮೌನ ಬಂಗಾರ ಕಣೇ ಎಂದರೆ, ಬಂಗಾರ ಅಂತೆ ಬಂಗಾರ, ಇವಳ ಬಂಗಾರಾನ ಅಡ ಇಡೋಕಾದ್ರೂ ಆಗುತ್ತಾ — ಸಂದರ್ಶನಗಳಲ್ಲಿ ಅವರು ಕೇಳಿದ್ದು ನನಗೆ ಗೊತ್ತಿರುತ್ತದೆ, ಉತ್ತರ ಗಂಟಲವರೆಗೆ ಬಂದು ಅಲ್ಲೇ ಕೂರುತ್ತದೆ, ಅವರು ಗಡಿಯಾರ ನೋಡುತ್ತಾರೆ, ನಾನು ಅವರ ಮೇಜಿನ ಗಾಜು ನೋಡುತ್ತೇನೆ, ಮನೆಗೆ ಬಂದು ಡೈರಿಯಲ್ಲಿ ಅದೇ ಉತ್ತರವನ್ನು ದುಂಡಗೆ ಬರೆಯುತ್ತೇನೆ. ಆದರೆ ಬೇರೆಯವರ ಮಾತನ್ನು ಓದುವುದಾದರೆ ನನ್ನ ಗಂಟಲು ಕಟ್ಟುವುದಿಲ್ಲ, ಇದು ಗೊತ್ತಾದದ್ದು ಅಕ್ಕನ ಮನೆಯಲ್ಲೇ, ಲೈಬ್ರರಿಯ ಹಲಗೆಯಲ್ಲಿ ಚೀಟಿ ಅಂಟಿಸಿದ್ದರು, ಓದಿ ಹೇಳಲು ಮತ್ತು ಪರೀಕ್ಷೆ ಬರೆಯಲು ಒಬ್ಬರು ಬೇಕು, ಅಕ್ಷರ ಚೆನ್ನಾಗಿರಬೇಕು, ಹರಟೆ ಹೊಡೆಯಬಾರದು. ಹರಟೆ ಹೊಡೆಯಬಾರದು ಎಂಬುದನ್ನು ಓದಿ ಇದು ನನಗಾಗಿಯೇ ಬರೆದದ್ದು ಎಂದುಕೊಂಡೆ.

ಅಕ್ಕ ಶಾಲೆಯಲ್ಲಿ ವಿಜ್ಞಾನದ ಟೀಚರು, ಆಗಿದ್ದರು, ಈಗ ಅದೇ ಶಾಲೆಯ ಟೆಲಿಫೋನ್ ಪಕ್ಕ ಕೂರುತ್ತಾರೆ, ದಿನವಿಡೀ ಹಲೋ ಅನ್ನೋ ಕೆಲಸ, ಗಿಳಿಗೂ ಕಲಿಸಬಹುದು ಎನ್ನುತ್ತಾರೆ. ಮೊದಲು ಕಣ್ಣು ಕೆಂಪಾಯಿತಂತೆ, ಬೆಳಕು ಚುಚ್ಚುತ್ತಿತ್ತಂತೆ, ಆಮೇಲೆ ಕರೀ ಹಲಗೆಯ ಮೇಲೆ ನೊಣ ಹಾರಾಡಿದಂತೆ ಕಾಣಲು ಶುರುವಾಗಿ, ಮಕ್ಕಳಿಗೆ ಕಿಟಕಿ ಮುಚ್ರೋ ನೊಣ ಬರ್ತಿವೆ ಎಂದು ಬೈಯುತ್ತಿದ್ದರಂತೆ, ನೊಣ ಇರಲಿಲ್ಲ, ಇದ್ದದ್ದು ಕಣ್ಣೊಳಗೆ. ಹನಿ ಹಾಕಿದರು, ಗುಳಿಗೆ ಕೊಟ್ಟರು, ಕಣ್ಣಿಗೇ ಸೂಜಿ ಚುಚ್ಚಿದರು, ಒಂದು ಕಣ್ಣು ಹೋಯಿತು, ಹಿಂದಿನಿಂದ ಇನ್ನೊಂದು. ಸೋಂಕೇನೂ ಅಲ್ಲ, ನಿಮ್ಮ ದೇಹದ ಕಾವಲಿನ ಕೋಶಗಳೇ ಕಣ್ಣನ್ನ ಹೊರಗಿನದು ಅಂತ ತಿಳ್ಕೊಂಡುಬಿಟ್ಟಿವೆ ಎಂದು ಕಣ್ಣಿನ ಡಾಕ್ಟರು ಹೇಳಿದಾಗ, ಬೇಲಿಯೇ ಎದ್ದು ಹೊಲ ಮೇಯ್ತು ಅನ್ನಿ ಎಂದರಂತೆ ಅಕ್ಕ, ಡಾಕ್ಟರು ಹೌದು ಮೇಡಂ ಕರೆಕ್ಟಾಗಿ ಹೇಳಿದ್ರಿ ಎಂದರಂತೆ. ಹೊಲ ಮೇಯ್ದ ಬೇಲಿಯ ಮೇಲೆಯೇ ಈಗ ಅವರ ಪರೀಕ್ಷೆ. ಹೆಡ್‌ಮಿಸ್ಸು ಮಾತು ಕೊಟ್ಟಿದ್ದಾರಂತೆ, ಎಂದೋ ಅರ್ಧಕ್ಕೆ ಬಿಟ್ಟಿದ್ದ ಸ್ನಾತಕೋತ್ತರ ಪದವಿ ಮುಗಿಸಿದರೆ ಮೇಲಿನ ತರಗತಿ ಕೊಡಿಸುತ್ತೇನೆ, ಆ ತರಗತಿಗೆ ಪ್ರಯೋಗ ಮಾಡಿಸಲು ಬೇರೆ ಸಹಾಯಕಿ ಇದ್ದಾಳೆ, ನೀವು ಪಾಠ ಮಾಡಿದರೆ ಸಾಕು, ಕಮಿಟಿಯವರ ಹತ್ತಿರ ನಾನು ಜಗಳ ಆಡ್ತೀನಿ, ಆದರೆ ಈ ಸಲ ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರ್ತಾರೆ, ಆಮೇಲೆ ನನ್ನ ಕೈಲಿ ಏನೂ ಇಲ್ಲ ಎಂದು. ಉಳಿದ ಪತ್ರಿಕೆಗಳೆಲ್ಲ ಪಾಸು, ಇದೊಂದು ಉಳಿದಿದೆ. ಇದು ಹೋದರೆ ಫೋನು. ಗಿಳಿಗೂ ಕಲಿಸಬಹುದಾದ ಕೆಲಸ, ನಿವೃತ್ತಿಯವರೆಗೆ.

ಟಿಕ್. ಪೆಪ್ಪರ್‌ಮಿಂಟು. ಮೂರನೇ ಪ್ರಶ್ನೆ ಓದು ಎನ್ನುತ್ತಾರೆ ಅಕ್ಕ, ಓದುತ್ತೇನೆ, ನನ್ನ ಧ್ವನಿ ಓದುವ ಧ್ವನಿ, ಸಮ, ನೀರು ಹಾಕಿ ಒರೆಸಿದ ನೆಲದಂತೆ — ಸಹಾಯಕ ಟಿ ಕೋಶಗಳು ಹೇಗೆ ಸಕ್ರಿಯಗೊಂಡು ಕಾರ್ಯನಿರತ ಕೋಶಗಳಾಗಿ ರೂಪುಗೊಳ್ಳುತ್ತವೆ, ವಿವರವಾಗಿ ಬರೆಯಿರಿ. ಅಕ್ಕನ ತುಟಿ ಒಂದು ಕಡೆ ಎಳೆದುಕೊಂಡಿತು, ಬಂದ್ಯಾ ಮಹರಾಯ ಎಂದು ಮೆಲ್ಲಗೆ ಅಂದರು, ಏನು ಮೇಡಂ ಎಂದರು ಮೇಲ್ವಿಚಾರಕರು, ಪ್ರಶ್ನೆಗೆ ಅಂದೆ ಸಾರ್, ನಿಮಗಲ್ಲ. ಹೆಚ್ಚು ಅಂಕದ ಪ್ರಶ್ನೆ, ಇದೊಂದು ನೆಟ್ಟಗೆ ಬಂದರೆ ದಡ, ಮೊದಲೆರಡು ಉತ್ತರ ಅಷ್ಟಕ್ಕಷ್ಟೇ, ಅದು ಅಕ್ಕನಿಗೂ ಗೊತ್ತು, ನನಗೂ ಗೊತ್ತು, ನನಗೆ ಗೊತ್ತಿರಬಾರದು. ಬೆರಳು ಅಂಚಿಗೆ ಬಂತು. ಬರಿ — ಸಹಾಯಕ ಟಿ ಕೋಶಗಳು ಥೈಮಸ್ ಗ್ರಂಥಿಯಲ್ಲಿ ಬಲಿತು ಹೊರಬಂದ ಮೇಲೆ ರಕ್ತ ಮತ್ತು ದುಗ್ಧರಸಗ್ರಂಥಿಗಳ ನಡುವೆ ಸಂಚರಿಸುತ್ತಿರುತ್ತವೆ, ಅಲ್ಪವಿರಾಮ, ಪ್ರತಿಯೊಂದು ಕೋಶದ ಮೇಲ್ಮೈಯ ಗ್ರಾಹಕವು ಒಂದೇ ಒಂದು ಬಗೆಯ ತುಣುಕನ್ನು ಗುರುತಿಸಬಲ್ಲದು — ಮನೆಯಲ್ಲಿ ಹೇಳಿದ್ದು ಹೀಗಲ್ಲ, ಮನೆಯಲ್ಲಿ ಕಾಲು ನೀಡಿಕೊಂಡು ಕೂತು, ನೋಡು ಪುಟ್ಟಾ, ಲೆಕ್ಕ ಇಲ್ಲದಷ್ಟು ಕಾವಲಿನ ಕೋಶ, ಒಂದೊಂದಕ್ಕೂ ಒಂದೇ ಮುಖ ಗುರುತು ಹಿಡಿಯೋಕೆ ಬರುತ್ತೆ, ಆ ಮುಖ ಅದರ ಜೀವಮಾನದಲ್ಲಿ ಎದುರಾಗುತ್ತೋ ಇಲ್ವೋ ದೇವರಿಗೇ ಗೊತ್ತು, ಸುಮ್ನೆ ಅಲೀತಾ ಇರುತ್ತೆ, ಕೆಲಸ ಸಿಗದ ಪದವೀಧರರ ಹಾಗೆ, ಎಂದು ಹೇಳಿ ನಾಲಿಗೆ ಕಚ್ಚಿಕೊಂಡರು, ನಿಂಗಲ್ಲ ಹೇಳಿದ್ದು, ನಾನು ಆ ದಿನ ಸದ್ದು ಬರುವ ಹಾಗೆ ನಕ್ಕೆ, ಓ ಕೇಳಿಸ್ತು ಈ ಸಲ ಎಂದರು. ಆಮೇಲೆ ಕೊಂಬೆಕೊಂಬೆಯ ಕೋಶ, ಪುಸ್ತಕದಲ್ಲಿ ಅದರ ಹೆಸರು ಡೆಂಡ್ರಿಟಿಕ್, ಮೈತುಂಬ ಟಿಸಿಲು, ಚರ್ಮ ಕೊಯ್ದಲ್ಲಿ ಕಾದಿದ್ದು ಒಳಬಂದ ರೋಗಾಣುವನ್ನು ನುಂಗಿ, ಕತ್ತರಿಸಿ, ಒಂದು ಚೂರನ್ನು ತನ್ನ ಮೈಮೇಲೆ ನೇತುಹಾಕಿಕೊಂಡು ಹತ್ತಿರದ ದುಗ್ಧರಸಗ್ರಂಥಿಗೆ ನಡೆಯುತ್ತದೆ, ಕಳ್ಳನ ಅಂಗಿ ಚೂರು ಹಿಡ್ಕೊಂಡು ಪೇಟೆ ಮಧ್ಯೆ ನಿಂತ ಹಾಗೆ, ಅಲೆಯುವ ಕೋಶಗಳು ಒಂದೊಂದಾಗಿ ಬಂದು ಮುಟ್ಟಿ ಹೋಗುತ್ತವೆ, ನಂದಲ್ಲ, ನಂದಲ್ಲ, ನಂದಲ್ಲ, ಕೊನೆಗೊಂದಕ್ಕೆ ಹೊಂದುತ್ತದೆ, ಅದು ಮೊದಲ ಸೂಚನೆ. ಇಷ್ಟಾದ್ರೆ ಸಾಲದು, ಎಂದು ಅಕ್ಕ ಗಾಳಿಯಲ್ಲಿ ಕೈ ಆಡಿಸಿ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು, ಹೀಗೆ ಹಿಡ್ಕೋಬೇಕು, ಕೊಂಬೆಕೋಶ ಇನ್ನೊಂದು ಕೈ ಚಾಚಿ ಇದನ್ನ ಹಿಡ್ಕೋಬೇಕು, ಅದು ಎರಡನೇ ಸೂಚನೆ, ನಿಜವಾಗ್ಲೂ ಅಪಾಯ ಇದ್ರೆ ಮಾತ್ರ ಆ ಕೈ ಹೊರಗೆ ಬರೋದು, ಇಲ್ದಿದ್ರೆ ನಮ್ಮದೇ ಮೈಯ ಚೂರು ಕಂಡ್ರೂ ಎಲ್ಲಾ ಎದ್ದು ಕುಣೀತಿದ್ವು. ಮುಖ ಗುರುತು ಸಿಕ್ಕಿ ಕೈ ಸಿಗದಿದ್ರೆ? ಕೇಳಿದ್ದು ನಾನೇ, ಗಂಟಲು ಕಟ್ಟದೆ. ಮಂಕಾಗುತ್ತೆ, ಆಮೇಲೆ ಅದೇ ಮುಖ ಮತ್ತೆ ಬಂದ್ರೂ ಏಳಲ್ಲ. ಅವತ್ತು ಡೈರಿಯಲ್ಲಿ ಅದರ ಬಗ್ಗೆ ಬರೆಯಲಿಲ್ಲ, ಎಣ್ಣೆ ಮುಗಿದಿತ್ತು ತಂದುಕೊಟ್ಟೆ ಎಂದಷ್ಟೇ ಬರೆದೆ. ಎರಡೂ ಸಿಕ್ಕ ಮೇಲೆ ಕೋಶ ಒಂದು ನೂರಾಗುತ್ತದೆ, ನೂರು ಸಾವಿರವಾಗುತ್ತದೆ, ಸುತ್ತಲಿನ ಸೈಟೊಕೈನ್‌ಗಳು ಎಂದರೆ ಕೋಶಗಳು ಒಂದಕ್ಕೊಂದು ಕಳಿಸಿಕೊಳ್ಳುವ ರಾಸಾಯನಿಕ ಮಾತುಗಳು, ಆ ಮಾತು ಯಾವುದಿದೆಯೋ ನೋಡಿಕೊಂಡು ಅವು ತಮ್ಮ ಕಸುಬು ಹಿಡಿಯುತ್ತವೆ, ಒಂದನೇ ಬಗೆ, ಎರಡನೇ ಬಗೆ, ಹದಿನೇಳನೇ ಬಗೆ, ಒಂದು ಎರಡು ಆದ್ಮೇಲೆ ಸೀದಾ ಹದಿನೇಳು, ಮಧ್ಯದವರೆಲ್ಲ ರಜೆ ಹಾಕಿರಬೇಕು ಎಂದರು ಅಕ್ಕ, ಆಮೇಲೆ ನಗದೆ, ನನ್ನ ಕಣ್ಣಿಗೆ ಬಂದವರು ಒಂದನೇಯವರು ಮತ್ತೆ ಹದಿನೇಳನೇಯವರು, ಡಾಕ್ಟರು ಹೇಳಿದ್ರು.

ಈ ಉತ್ತರದಲ್ಲೇ ಅವರು ಎಡವುವುದು. ಮೊದಲ ಸೂಚನೆಯವರೆಗೆ ನಿಧಾನ, ಮೊದಲ ಸೂಚನೆ ಬಂದದ್ದೇ ಧ್ವನಿಗೆ ಚಕ್ರ ಬರುತ್ತದೆ, ಕಣ್ಣಿನ ಕಡೆಗೆ, ಹದಿನೇಳರ ಕಡೆಗೆ, ಎರಡನೇ ಸೂಚನೆ ಕಾಲಡಿಯಲ್ಲೇ ಉಳಿದುಬಿಡುತ್ತದೆ. ಅಭ್ಯಾಸಕ್ಕೆಂದು ಉತ್ತರ ಬರೆಸಿದಾಗ ಹೀಗೇ ಆಯಿತು, ನನ್ನ ಪೆನ್ನು ನಿಂತಿತು, ಬೆರಳು ಅಂಚಿನಲ್ಲಿತ್ತು, ಓ ಎರಡನೇದು ಬಿಟ್ಟೆ ಎಂದು ಅವರೇ ಸೇರಿಸಿದರು, ಅವರಿಗೇ ನೆನಪಾಯಿತು ಎಂದು ನಾನಂದುಕೊಂಡೆ, ಮುಂದಿನ ಸಲವೂ ಬಿಟ್ಟರು, ಪೆನ್ನು ನಿಂತಿತು, ನೆನಪಾಯಿತು, ಇಬ್ಬರೂ ಖುಷಿಯಾಗಿದ್ದೆವು. ಒಂದು ದಿನ ನನ್ನ ಕೈ ಜೋಮು ಹಿಡಿದು ಪೆನ್ನು ಸುಮ್ಮನೆ ನಿಂತಿತು, ಅಕ್ಕ ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು, ಬೆರಳು ಅಂಚಿನಲ್ಲಿ ಬಿಗಿಯಿತು, ಯಾಕೆ ತಪ್ಪಾ ಎಂದರು, ನಾನು ಕೈ ಕೊಡವುತ್ತಿದ್ದೆ, ಅಷ್ಟರಲ್ಲಿ ಅವರು, ತಾಳು, ಹೊಡೆದುಹಾಕು, ಹೀಗಲ್ಲ, ಎಂದು ಸರಿಯಿದ್ದದ್ದನ್ನು ತಪ್ಪು ಮಾಡಿ ಹೇಳತೊಡಗಿದರು. ನಾನು ಹೇಳಿದೆ, ಕೈ ನೋಯ್ತು ಅಕ್ಕ, ಅಷ್ಟೇ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದು ಸುಟ್ಟ ವಾಸನೆ ಬಂತು, ಇಬ್ಬರೂ ಏಳಲಿಲ್ಲ. ಹಾಗಾದ್ರೆ ಇಷ್ಟು ದಿನ ನೆನಪಾಗ್ತಿದ್ದಿದ್ದು ನಂಗಲ್ಲ, ಎಂದರು ಅಕ್ಕ, ನಿನ್ನ ಪೆನ್ನಿಗೆ. ಆಮೇಲೆ ಹಿಂದಿನ ವರ್ಷದ್ದನ್ನು ಹೇಳಿದರು, ಬೇರೊಂದು ಪತ್ರಿಕೆ ಬರೆಯಲು ಅವರ ಹಳೆಯ ಶಿಷ್ಯೆಯೇ ಬಂದಿದ್ದಳು, ಗುರುಭಕ್ತಿ ಜಾಸ್ತಿ, ಪರೀಕ್ಷೆ ಮುಗಿದ ಮೇಲೆ ರಿಕ್ಷಾದಲ್ಲಿ ಕೂತು, ಟೀಚರ್, ನೀವು ಬಿಟ್ಟಿದ್ದನ್ನೆಲ್ಲ ನಾನೇ ಸೇರಿಸಿದೀನಿ, ಟೆನ್ಶನ್ ಮಾಡ್ಕೋಬೇಡಿ ಎಂದಳಂತೆ, ಒಳ್ಳೆಯ ಅಂಕ ಬಂತು, ಅಷ್ಟು ಅಂಕ ಆ ಕ್ಲಾಸಿನಲ್ಲಿ ಯಾರಿಗೂ ಬರಲಿಲ್ಲ, ಬೇಡ ಅನ್ನೋಕೂ ಆಗ್ಲಿಲ್ಲ, ನುಂಗೋಕೂ ಆಗ್ಲಿಲ್ಲ, ಮೀನಿನ ಮುಳ್ಳಿನ ಹಾಗೆ ಇನ್ನೂ ಇಲ್ಲೇ ಇದೆ ಎಂದು ಗಂಟಲು ಮುಟ್ಟಿ ತೋರಿಸಿದರು. ನೋಡು, ಕಣ್ಣು ಹೋಯ್ತು, ಹೋಗ್ಲಿ, ತಲೆನೂ ಎರವಲಾದ್ರೆ ನಾಳೆ ಕ್ಲಾಸಲ್ಲಿ ನಿಂತು ಯಾರ ಬಾಯಲ್ಲಿ ಪಾಠ ಮಾಡ್ಲಿ? ಪರೀಕ್ಷೇಲಿ ನಾನು ಎಂಥ ಹುಚ್ಚುಚ್ಚು ಹೇಳಿದ್ರೂ ನಿನ್ನ ಪೆನ್ನು ನಿಲ್ಲಬಾರದು, ನಿಂತ್ರೆ ಅದು ನನ್ನ ಉತ್ತರ ಅಲ್ಲ, ಗೊತ್ತಾಯ್ತಾ. ಗೊತ್ತಾಯ್ತು ಅಕ್ಕ. ಬೆರಳು ತೆಗೆದುಬಿಡಿ ಹಾಗಾದ್ರೆ ಎಂದೆ, ಬೆರಳಿಲ್ದಿದ್ರೆ ನಿನ್ನ ಕೈ ಎಲ್ಲಿದೆ ಅಂತ ಗೊತ್ತಾಗಲ್ಲ, ಎಲ್ಲಿ ನಿಲ್ಲಿಸಿ ಎಲ್ಲಿ ಹೇಳಬೇಕು ಅಂತ ಗೊತ್ತಾಗಲ್ಲ, ಬೆರಳು ಇರ್ಲಿ, ನೀನು ಕಲಿ. ಕಲಿಸಿದರು. ಹೃದಯವು ಮೊಣಕಾಲಿನಲ್ಲಿದೆ, ಬರಿ. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ, ಬರಿ. ನಮ್ಮ ಹೆಡ್‌ಮಿಸ್ಸು ಕಡ್ಡಿಯಂತೆ ಸಣ್ಣಗಿದ್ದಾರೆ, ಬರಿ, ನಿಲ್ಲಿಸ್ಬೇಡ, ನಿಲ್ಲಿಸ್ದೆ ಈಗ, ನಂಗೆ ಗೊತ್ತಾಯ್ತು, ಮತ್ತೆ ಬರಿ. ನಗುತ್ತ ಬರೆದೆ, ಅಳು ಬಂದಾಗಲೂ ಬರೆದೆ, ಕೊನೆಕೊನೆಗೆ ಹೊಲಿಗೆ ಯಂತ್ರದಂತೆ ಬರೆದೆ, ಈಗ ಭೇಷ್ ಎಂದರು, ಈಗ ನೀನು ಬರೀ ಕೈ.

ಗ್ರಾಹಕವು ಆ ತುಣುಕಿಗೆ ಸರಿಯಾಗಿ ಹೊಂದಿಕೊಂಡಾಗ, ಎನ್ನುತ್ತಿದ್ದಾರೆ ಅಕ್ಕ, ಕೋಶಕ್ಕೆ ಮೊದಲ ಸೂಚನೆ ದೊರೆಯುತ್ತದೆ, ಪೂರ್ಣವಿರಾಮ. ಬರೆದೆ. ಅಕ್ಷರ ದುಂಡಗೆ ಬರುತ್ತಿದೆ. ಕೊಂಬೆಕೋಶ ಬಂದಿದೆ, ದುಗ್ಧರಸಗ್ರಂಥಿ ಬಂದಿದೆ, ಎಲ್ಲ ಬಂದಿದೆ, ಇನ್ನೊಂದು ಸಾಲು, ಅಕ್ಕ, ಒಂದೇ ಸಾಲು, ನಿಧಾನ — ಮೇಲ್ವಿಚಾರಕರು ಎದ್ದು ಪ್ರೆಸ್ಸಿನ ಹಿಡಿಯನ್ನು ತಿರುಗಿಸಿ ನೋಡುತ್ತಿದ್ದಾರೆ, ತಿರುಗುವುದಿಲ್ಲ ಅದು, ಪುಸ್ತಕಗಳನ್ನು ಕಚ್ಚಿಕೊಂಡಿದೆ — ಅಕ್ಕ ಉಸಿರೆಳೆದುಕೊಂಡರು, ನನಗೆ ಗೊತ್ತು ಈ ಉಸಿರು, ಇದು ಓಡುವ ಮುಂಚಿನ ಉಸಿರು, ಕುತ್ತಿಗೆಯ ನರ ಎದ್ದಿದೆ, ಮುಖ ಕಿಟಕಿಯ ಬೆಳಕಿಗೆ ತಿರುಗಿದೆ, ಬೆಳಕು ಅವರಿಗೆ ಈಗ ಚುಚ್ಚುವುದಿಲ್ಲ, ಬರಿ, ಮೊದಲ ಸೂಚನೆ ದೊರೆತ ಕೂಡಲೇ ಕೋಶವು ವಿಭಜನೆಗೊಳ್ಳಲಾರಂಭಿಸುತ್ತದೆ. ಮೊದಲ. ಬರೆಯುತ್ತಿದ್ದೇನೆ. ಸೂಚನೆ. ಹೃದಯವು ಮೊಣಕಾಲಿನಲ್ಲಿದೆ, ಸೂರ್ಯ ಪಶ್ಚಿಮದಲ್ಲಿ, ಬರೀ ಕೈ ನಾನು, ಕೈಗೆ ಏನು ಗೊತ್ತು, ದೊರೆತ, ಇದೊಂದು ಸಾಲಿಗೆ ಎಷ್ಟು ಅಂಕ ಕಡಿಯುತ್ತಾರೆ, ಮೊಣಕೈ ಹಿಡಿದು ತೋರಿಸಿದ್ದರಲ್ಲ, ತಮ್ಮ ಕೈಯಾರೆ ಹಿಡಿದು, ಹಾಗೆ ತೋರಿಸಿದವರಿಗೆ ಗೊತ್ತಿಲ್ಲ ಎಂದು ಹೇಗೆ ಹೇಳುವುದು, ಗೊತ್ತಿರುವುದು ಅವರಿಗೇ, ಸ್ವಲ್ಪ ತಟ್ಟಿದರೆ ಬರುತ್ತದೆ, ಅದು ಹೇಳಿಕೊಟ್ಟ ಹಾಗೆ ಹೇಗಾಗುತ್ತದೆ, ಫೋನು ಬಡಿದುಕೊಳ್ಳುತ್ತದೆ, ಹಲೋ, ಹಲೋ, ನಿವೃತ್ತಿಯವರೆಗೆ, ಕೂಡ — ಲೇ ಬರೆಯಲಿಲ್ಲ. ನಿಲ್ಲಿಸಬೇಕು ಎಂದುಕೊಂಡು ನಿಲ್ಲಿಸಿದ್ದಲ್ಲ. ನಿಂತಿದೆ. ಪೆನ್ನಿನ ಮೊನೆ ಡ-ದ ಹೊಟ್ಟೆಯಲ್ಲಿ ನಿಂತಿದೆ, ಕಾಗದ ನಡುಗುತ್ತಿಲ್ಲ, ಬೆರಳು ಅಂಚಿನಲ್ಲಿದೆ.

ಬೆರಳು ಬಿಗಿಯಿತು. ತುದಿ ಬೆಳ್ಳಗಾಯಿತು. ಅಕ್ಕನ ಮುಖದಲ್ಲಿ ಅದು ನಡೆದುಕೊಂಡು ಬರುವುದು ಕಾಣಿಸಿತು, ಹುಬ್ಬು, ಆಮೇಲೆ ಬಾಯಿಯ ಮೂಲೆ, ಆಮೇಲೆ ತುಟಿ ಸ್ವಲ್ಪ ತೆರೆದು, ಎ ಎನ್ನುವ ಹಾಗೆ, ಎರಡನೇ ಎನ್ನುವ ಹಾಗೆ, ಹೇಳಿ ಅಕ್ಕ, ಹೇಳಿಬಿಡಿ, ಯಾರಿಗೂ ಗೊತ್ತಿಲ್ಲ. ಕೇಳಿಸ್ತು, ಎಂದರು ಅಕ್ಕ. ಮೇಲ್ವಿಚಾರಕರು ಪ್ರೆಸ್ಸಿನಿಂದ ತಿರುಗಿದರು, ಏನು ಮೇಡಂ, ನಾನೇನೂ ಮಾತಾಡ್ಲಿಲ್ವಲ್ಲ. ಹೊರಗೆ ಯಾವ್ದೋ ಗಾಡಿ ನಿಂತ ಹಾಗಾಯ್ತು ಸಾರ್. ಹೌದಾ, ನಂಗೆ ಕೇಳಿಸ್ಲೇ ಇಲ್ಲ. ನಿಮಗೆ ಕಣ್ಣಿದೆಯಲ್ಲ ಸಾರ್. ಅವರು ನಕ್ಕರು, ಅದೂ ಸರಿನೇ ಅನ್ನಿ ಎಂದು ಕುರ್ಚಿಗೆ ಬಂದು ಕೂತರು, ಟಿಕ್. ಅಕ್ಕ ಬೆರಳು ಎತ್ತಿದರು. ಬಿಸಿ ಪಾತ್ರೆಯಿಂದ ತೆಗೆಯುವವರಂತೆ ಸರಕ್ಕನೆ ತೆಗೆಯಲಿಲ್ಲ, ಎತ್ತಿ, ಕೈಯನ್ನು ಮೇಜಿನಿಂದ ಇಳಿಸಿ, ಇನ್ನೊಂದು ಕೈಯೊಳಗೆ ಇಟ್ಟು, ಎರಡನ್ನೂ ಮಡಿಲಲ್ಲಿಟ್ಟುಕೊಂಡರು. ಬರಿ, ಎಂದರು. ಕೂಡಲೇ ಕೋಶವು ವಿಭಜನೆಗೊಳ್ಳಲಾರಂಭಿಸುತ್ತದೆ, ಪೂರ್ಣವಿರಾಮ. ಧ್ವನಿಗೆ ಈಗ ಚಕ್ರವಿಲ್ಲ. ಗೊತ್ತಿದ್ದು ಹೇಳುತ್ತಿದ್ದಾರೆ. ಎರಡನೆಯದು ಅವರ ಬಾಯಲ್ಲಿದೆ, ಹಲ್ಲಿನ ಹಿಂದೆ ಇದೆ, ನನಗೆ ಕಾಣುತ್ತಿದೆ, ಗಂಟಲವರೆಗೆ ಬಂದದ್ದು ಅಲ್ಲಿ ಕೂತರೆ ಮುಖ ಹೇಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ಆದರೆ ಇವರು ಕೂರಿಸಿದ್ದಾರೆ, ತಾವೇ. ಲೇ ಬರೆದೆ. ಕೋಶವು ಬರೆದೆ. ನಾನು ನಿಲ್ಲಿಸದಿದ್ದರೆ, ಸಾಲಿನ ಕೊನೆಗೆ ಅವರಿಗೇ ನೆನಪಾಗುತ್ತಿತ್ತೋ ಏನೋ, ಪುಟದ ಕೊನೆಗೆ, ಓದಿ ಹೇಳು ಎಂದಾಗ, ಅವರದೇ ನೆನಪು, ಆಗ ಸೇರಿಸಬಹುದಿತ್ತು, ಈಗ ಯಾವಾಗ ನೆನಪಾದರೂ ಅದು ನನ್ನ ಪೆನ್ನಿನದು, ಈಗ ಅವರು ಅದನ್ನು ಮುಟ್ಟುವುದಿಲ್ಲ, ನಾನು ಕೈ ಚಾಚಿ ಕಸಿದುಕೊಂಡೆ.

ಮುಂದೆ, ಎನ್ನುತ್ತಾರೆ ಅಕ್ಕ. ಸಾಲು ಎಲ್ಲಿಗೆ ಬಂತೆಂದು ಅವರಿಗೆ ತಿಳಿಯುತ್ತಿಲ್ಲ, ಬೇಗ ಹೇಳುತ್ತಾರೆ, ನಾನು ಹಿಂದೆ ಬೀಳುತ್ತೇನೆ, ಮೇಲ್ವಿಚಾರಕರು ಅದನ್ನು ನೋಡಿ, ಏನಮ್ಮಾ, ಬರೆದಾದ್ಮೇಲೆ ಹೂಂ ಅನ್ನಿ, ಅವರಿಗೆ ಹೇಗೆ ಗೊತ್ತಾಗ್ಬೇಕು ಎಂದರು, ಹೂಂ ಎಂದೆ, ಇನ್ನು ಸಾಲು ಮುಗಿದಾಗಲೆಲ್ಲ ಹೂಂ, ಎಲ್ಲ ಹೂಂಗಳೂ ಒಂದೇ ಎತ್ತರ, ಒಂದೇ ಉದ್ದ, ಒಂದರಲ್ಲೂ ಏನೂ ಇರಕೂಡದು. ವಿಭಜನೆಗೊಂಡ ಕೋಶಗಳು ಸುತ್ತಲಿನ ಸೈಟೊಕೈನ್‌ಗಳಿಗೆ ಅನುಗುಣವಾಗಿ ಭಿನ್ನ ಬಗೆಯ ಕಾರ್ಯನಿರತ ಕೋಶಗಳಾಗುತ್ತವೆ. ಹೂಂ. ಒಂದನೇ ಬಗೆಯವು ನುಂಗುಕೋಶಗಳನ್ನು ಚುರುಕುಗೊಳಿಸುತ್ತವೆ. ಹೂಂ. ಎರಡನೇ ಬಗೆಯವು ಪ್ರತಿಕಾಯ ತಯಾರಿಸುವ ಕೋಶಗಳಿಗೆ ನೆರವಾಗುತ್ತವೆ. ಹೂಂ. ಹದಿನೇಳನೇ ಬಗೆಯವು, ಇಲ್ಲಿ ಒಂದು ಕ್ಷಣ ತಡೆದರು, ಉರಿಯೂತವನ್ನು ಉಂಟುಮಾಡುತ್ತವೆ, ಮತ್ತು ಕೆಲವೊಮ್ಮೆ ದೇಹದ ಸ್ವಂತ ಅಂಗಾಂಶಗಳಿಗೇ, ಉದಾಹರಣೆಗೆ ಕಣ್ಣಿಗೆ, ಹಾನಿ ಮಾಡುತ್ತವೆ, ಪೂರ್ಣವಿರಾಮ. ಹೂಂ. ಎಲ್ಲ ಸರಿಯಾಗಿದೆ, ಎಲ್ಲ ಅವರದೇ, ಒಂದೂ ತಪ್ಪಿಲ್ಲ, ನಡುವೆ ಒಂದು ಸಾಲಿಲ್ಲ ಅಷ್ಟೇ, ಇದ್ದದ್ದಕ್ಕೆ ಎಷ್ಟು ಕೊಡುತ್ತಾರೆ, ದಡ ಮುಟ್ಟುತ್ತದೋ ಇಲ್ಲವೋ, ತಿದ್ದುವವರಿಗೆ ಊಟವಾಗಿದ್ದರೆ ಮುಟ್ಟಬಹುದು, ಹಸಿದಿದ್ದರೆ ಇಲ್ಲ, ಪುಟ ತಿರುಗಿಸಿದೆ, ಹೊಸ ಪುಟ, ಬಿಳಿ, ಎಡ ಅಂಗೈಯಿಂದ ಸವರಿ ಸರಿ ಮಾಡಿದೆ, ಅವರ ಬೆರಳಿಗೆ ಅನುಕೂಲವಾಗಲೆಂದು ಬಲದ ಅಂಚನ್ನು ಮೇಜಿನ ತುದಿಗೆ ಸರಿಸಿದೆ, ಬೇಸಿಗೆಯಿಡೀ ಮಾಡಿದ ಅಭ್ಯಾಸ. ಅವರು ಕೈ ಎತ್ತಲಿಲ್ಲ. ನಾಲ್ಕನೇ ಪ್ರಶ್ನೆ ಓದು. ಓದುತ್ತೇನೆ, ಬರೆಯುತ್ತೇನೆ, ಪೆನ್ನು ಈಗ ನಿಲ್ಲುವುದೇ ಇಲ್ಲ, ಎಷ್ಟು ಸಮವಾಗಿ ಓಡುತ್ತಿದೆಯೆಂದರೆ ಕಲಿಸಿದವರು ಭೇಷ್ ಎನ್ನಬೇಕು, ಕಾಗದ ನಡುಗುತ್ತದೆ, ಸಾಲಿನಿಂದ ಸಾಲಿಗೆ, ಅಂಚಿನವರೆಗೂ ನಡುಗುತ್ತದೆ, ಹೂಂ, ಅಂಚಿನವರೆಗೂ, ಹೂಂ, ಅಂಚಿನಲ್ಲಿ ಬೆರಳಿಲ್ಲ.